ಪದ ಪರಿಚಯ: ಮೂಲನಿಷ್ಠೆ

ಕಾದಂಬರಿಯೊಂದನ್ನು ನಾಟಕಕ್ಕೋ ತೆರೆಗೋ ತರುವಾಗ ರೂಪಾಂತರಕಾರರು ಮೂಲಕೃತಿಗೆ ಎಷ್ಟರಮಟ್ಟಿಗೆ ಬದ್ಧರಾಗಿದ್ದಾರೆ ಎಂಬುದನ್ನು ಸೂಚಿಸುವ ಪದ ಮೂಲನಿಷ್ಠೆ. ಇದನ್ನು ಸಾಮಾನ್ಯವಾಗಿ ಪಟ್ಟಿ ಹಾಕಿ ಅಳೆಯುತ್ತಾರೆ: ಯಾವ ಪಾತ್ರ ಬಿಟ್ಟುಹೋಯಿತು, ಯಾವ ದೃಶ್ಯ ಹೊಸದು, ಯಾರ ವಯಸ್ಸು ಬದಲಾಯಿತು. ಈ ಅಳತೆ ಸಾಲದು ಎಂದೇ ನಾನು ನಂಬಿದ್ದೇನೆ. ಘಟನೆ ಉಳಿಯಿತೇ ಎನ್ನುವುದಕ್ಕಿಂತ, ಅದರ ಹಿಂದಿನ ಕಾರಣ ಉಳಿಯಿತೇ ಎಂದು ಕೇಳಬೇಕು.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಮಾಲೆಯನ್ನು ಆಧರಿಸಿದ ಟಿವಿ ಧಾರಾವಾಹಿ 'ಗೇಮ್ ಆಫ್ ಥ್ರೋನ್ಸ್' (2011–2019) ಇದಕ್ಕೆ ಒಳ್ಳೆಯ ಉದಾಹರಣೆ. ಮಾರ್ಟಿನ್ ಅವರ ಪ್ರತಿ ಅಧ್ಯಾಯವೂ ಒಂದು ಪಾತ್ರದ ಕಣ್ಣಿನಿಂದ ಕಂಡ ಲೋಕ. ಆ ಪಾತ್ರಕ್ಕೆ ಗೊತ್ತಿಲ್ಲದ್ದು ಓದುಗರಿಗೂ ಗೊತ್ತಾಗುವುದಿಲ್ಲ. 1996ರ ಮೊದಲ ಸಂಪುಟದಲ್ಲಿ, ಮುನ್ನುಡಿಯ ಭಾಗವನ್ನು ಬಿಟ್ಟರೆ, ಇಂಥ ದೃಷ್ಟಿಕೋನಗಳು ಎಂಟು. ರಾಜ ರಾಬರ್ಟ್ ಆಗಲಿ ರಾಣಿ ಸೆರ್ಸಿ ಆಗಲಿ ಆ ಎಂಟರಲ್ಲಿಲ್ಲ. ಹಾಗಾಗಿ ಅವರಿಬ್ಬರೇ ಕುಳಿತು ತಮ್ಮ ಹಾಳಾದ ದಾಂಪತ್ಯದ ಬಗ್ಗೆ ಮಾತನಾಡುವ ಸನ್ನಿವೇಶ ಪುಸ್ತಕದಲ್ಲಿಲ್ಲ. ಧಾರಾವಾಹಿ ಅದನ್ನು ಹೊಸದಾಗಿ ಬರೆಯಿತು. ಪಟ್ಟಿ ಹಾಕುವವರಿಗೆ ಇದು ಮೂಲದಿಂದ ಆದ ವಿಚಲನೆ. ನನಗೆ ಇದು ಅಪ್ಪಟ ಮೂಲನಿಷ್ಠೆ: ಪುಸ್ತಕ ಹೊರಗಿನಿಂದ ತೋರಿಸಿದ ದಾಂಪತ್ಯವನ್ನೇ ಇಲ್ಲಿ ಒಳಗಿನಿಂದ ಕಾಣುತ್ತೇವೆ.

ಇದಕ್ಕೆ ತದ್ವಿರುದ್ಧವಾದದ್ದು, ಸೇನೆ ಕಟ್ಟಿಕೊಂಡು ಯುದ್ಧಕ್ಕೆ ಹೊರಟ ತರುಣ ರಾಬ್ ಸ್ಟಾರ್ಕ್‌ನ ಮದುವೆ. ಸೇನೆಗೆ ನದಿ ದಾಟಲು ದಾರಿ ಬಿಟ್ಟುಕೊಟ್ಟ ವಾಲ್ಡರ್ ಫ್ರೇಗೆ ರಾಬ್ ಮಾತು ಕೊಟ್ಟಿದ್ದಾನೆ, ಫ್ರೇ ಮನೆತನದ ಹುಡುಗಿಯನ್ನೇ ವರಿಸುತ್ತೇನೆಂದು. ಆ ಮಾತು ಪುಸ್ತಕದಲ್ಲೂ ತೆರೆಯಲ್ಲೂ ಮುರಿಯುತ್ತದೆ, ಎರಡರಲ್ಲೂ ಅದಕ್ಕೆ ಬೆಲೆ ತೆರುವುದು ರಕ್ತದಲ್ಲಿ. ಆದರೆ ಮುರಿಯಲು ಕಾರಣವೇ ಬೇರೆ. ಪುಸ್ತಕದ ರಾಬ್ ಇನ್ನೂ ಹದಿಹರೆಯದವನು. ಗಾಯಗೊಂಡು ಮಲಗಿರುವಾಗಲೇ ತಮ್ಮಂದಿರು ಸತ್ತರೆಂಬ ಸುದ್ದಿ ಬರುತ್ತದೆ. ಆರೈಕೆ ಮಾಡುತ್ತಿದ್ದ ಜೇನ್ ವೆಸ್ಟರ್ಲಿಂಗ್ ಅವನನ್ನು ಸಂತೈಸುತ್ತಾಳೆ, ಆ ರಾತ್ರಿ ಇಬ್ಬರೂ ಒಂದಾಗುತ್ತಾರೆ. ಅವಳ ಮಾನ ಕಾಯಲು ಮರುದಿನವೇ ಅವಳ ಕೈ ಹಿಡಿಯುತ್ತಾನೆ. ಒಂದು ಮರ್ಯಾದೆ ಉಳಿಸಲು ಇನ್ನೊಂದು ಮರ್ಯಾದೆಯನ್ನು ಮುರಿಯುವ ಈ ಬಿಕ್ಕಟ್ಟು, ಮರ್ಯಾದೆಗೆ ಕಟ್ಟುಬಿದ್ದು ಬಾಳಿದ ತಂದೆ ನೆಡ್‌ನಿಂದ ಅವನಿಗೆ ಬಂದ ಬಳುವಳಿ. ತೆರೆಯ ಮೇಲೆ ಜೇನ್ ಇಲ್ಲ. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ಟಲೀಸಾ ಇದ್ದಾಳೆ. ರಾಬ್ ಅವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ನೋಡಲು ಹಿತವಾಗಿದೆ, ಆದರೆ ಮಗನ ಪತನದಲ್ಲಿ ಅಪ್ಪನ ನೆರಳು ಮಾಯವಾಯಿತು.

ಈ ಬದಲಾವಣೆ ಹುಟ್ಟಿದ್ದು ನಿರೂಪಣೆಯ ಬಗೆಯಿಂದಲೇ ಎಂದು ನನಗನಿಸುತ್ತದೆ. ಪುಸ್ತಕದಲ್ಲಿ ರಾಬ್‌ಗೆ ತನ್ನದೇ ಅಧ್ಯಾಯವಿಲ್ಲ. ಮದುವೆ ನಮ್ಮ ಕಣ್ಣಿಗೆ ಬೀಳದೆಯೇ ಮುಗಿದುಹೋಗಿ, ಅವನು ಹಿಂದಿರುಗಿ ತಾಯಿ ಕ್ಯಾಟ್ಲಿನ್‌ಗೆ ಹೇಳಿದಾಗಲೇ ನಮಗೂ ಗೊತ್ತಾಗುತ್ತದೆ. ಕ್ಯಾಮೆರಾ ಅವನ ಶಿಬಿರದೊಳಗೆ ಹೋದ ಮೇಲೆ ಅಲ್ಲಿ ಏನಾದರೂ ನಡೆಯಲೇಬೇಕಲ್ಲ.

ಪಾತ್ರಗಳ ವಿಲೀನ ಇನ್ನೊಂದು ಬಗೆ. ಪುಸ್ತಕದಲ್ಲಿ ಕ್ರೂರಿ ರಾಮ್ಸಿಯನ್ನು ಮದುವೆಯಾಗುವವಳು ಸ್ಟಾರ್ಕ್ ಮನೆಯ ಮೇಲ್ವಿಚಾರಕನ ಮಗಳು ಜೇನ್ ಪೂಲ್. ಅವಳನ್ನೇ ರಾಬ್‌ನ ತಂಗಿ ಆರ್ಯಾ ಸ್ಟಾರ್ಕ್ ಎಂದು ನಂಬಿಸಲಾಗುತ್ತದೆ, ಆ ಸುಳ್ಳಿಗೆ ಸಾಕ್ಷಿಯಾಗಿ ಅವಳನ್ನು ಧಾರೆ ಎರೆಯಲು ಸ್ಟಾರ್ಕ್ ಮನೆಯಲ್ಲೇ ಬೆಳೆದ ಥಿಯಾನ್‌ನನ್ನು ನಿಲ್ಲಿಸುತ್ತಾರೆ. ಐದನೆಯ ಸೀಸನ್‌ನಲ್ಲಿ ವಧುವಿನ ಜಾಗಕ್ಕೆ ಆರ್ಯಾಳ ಅಕ್ಕ, ನಿಜವಾದ ಸಾನ್ಸಾಳೇ ಬಂದಳು. ಪ್ರೇಕ್ಷಕರು ಬಲ್ಲ ಹುಡುಗಿಯೇ ಆದ್ದರಿಂದ ಸಂಕಟ ಹತ್ತಿರವಾಯಿತು, ಆದರೆ ಆ ಮದುವೆಯ ತಿರುಳಾಗಿದ್ದ ವಂಚನೆ ಉಳಿಯಲಿಲ್ಲ. ಯಾರದೂ ಅಲ್ಲದ ಹುಡುಗಿಯೊಬ್ಬಳನ್ನು ಹೆಸರಿಗಾಗಿ ಬಲಿಕೊಟ್ಟ ಕಥೆಯೂ ಅದರೊಂದಿಗೇ ಹೋಯಿತು.

ಕೊನೆಯ ಸೀಸನ್‌ಗಳಿಗೆ ಈ ಪದವನ್ನು ಬಳಸುವುದೇ ಕಷ್ಟ. ಮಾಲೆಯ ಐದನೆಯ ಸಂಪುಟ ಬಂದದ್ದು 2011ರಲ್ಲಿ, ಆರನೆಯದು ಬರುವ ಮೊದಲೇ ಧಾರಾವಾಹಿ ಮುಗಿಯಿತು. ಮಾರ್ಟಿನ್ ಮುಂದಿನ ಕಥೆಯ ಕೆಲವು ಮುಖ್ಯ ತಿರುವುಗಳನ್ನು ನಿರ್ಮಾಪಕರಾದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಅವರಿಗೆ ತಿಳಿಸಿದ್ದರು. ಅಂದರೆ ಅವರ ಕೈಯಲ್ಲಿ ಮುಂದೇನಾಗುತ್ತದೆ ಎಂಬ ಸುಳಿವುಗಳಿದ್ದವು, ಅಲ್ಲಿಗೆ ತಲುಪಿಸುವ ನೂರಾರು ಪುಟಗಳ ಕಾರಣಗಳಿರಲಿಲ್ಲ.