ಗಡಿನಾಡ ಶಾಲೆಯ ಲಾಂಗ್ ಬೆಲ್: ಹಾಜರಿ ಯಾರ ಲೆಕ್ಕಕ್ಕೆ?

ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಊರ ಶಾಲೆಗಳ ಬೆಳಗಿನ ಕ್ರಮವನ್ನು ಬಿಡಿಸಿ ಬರೆದಿದ್ದಾನೆ. ಶಾಲೆ ಶುರುವಾಗುತ್ತಿದ್ದುದು ಬೆಳಗ್ಗೆ ಆರಕ್ಕೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಮೂವತ್ತು ಮಕ್ಕಳ ಶಾಲೆಯಲ್ಲಿ ಕೊನೆಗೆ ಬಂದವನ ಪಾಡನ್ನು ನೀವೇ ಲೆಕ್ಕ ಹಾಕಿ: ಇಪ್ಪತ್ತೆಂಟು. ಆಗಿನ ಬಳ್ಳಾರಿ ಜಿಲ್ಲೆಯೊಳಗೆ ಇಂದು ಆಂಧ್ರದಲ್ಲಿರುವ ಆದವಾನಿ, ರಾಯದುರ್ಗ, ಮಡಕಶಿರಾಗಳೂ ಇದ್ದವು.

ಕ್ಯಾಂಬೆಲ್ ವರದಿ ಬರೆದದ್ದು ಮದ್ರಾಸ್ ಸರ್ಕಾರ ಎಲ್ಲ ಜಿಲ್ಲೆಗಳಿಂದ ಕೇಳಿದ ಶಾಲೆಗಳ ಸಮೀಕ್ಷೆಗಾಗಿ. ಅದೇ ಸಮೀಕ್ಷೆಗೆ ನಮ್ಮ ಕೆನರಾ ಜಿಲ್ಲೆಯ ಕಲೆಕ್ಟರ್ ಕೊಟ್ಟ ಉತ್ತರ ಮಾತ್ರ ಬೇರೆ ಥರ. ಇಲ್ಲಿ ಕಲಿಕೆ ಹೆಚ್ಚಾಗಿ ಮನೆಗಳಲ್ಲೇ ಖಾಸಗಿಯಾಗಿ ನಡೆಯುತ್ತದೆ, ಆದ್ದರಿಂದ ಪಟ್ಟಿ ಕೊಡಲಾಗದು ಎಂದುಬಿಟ್ಟ. ಇಂದು ಕೇರಳದಲ್ಲಿರುವ ನಮ್ಮ ಕಾಸರಗೋಡು ಆಗ ಕೆನರಾದ ಭಾಗ. ಹಾಗಾಗಿ ಈ ನೆಲದ ಮಕ್ಕಳನ್ನು ಎಣಿಸಲು ಹೊರಟ ಮೊದಲ ಸರ್ಕಾರಿ ಪ್ರಯತ್ನದಲ್ಲಿ ನಮ್ಮ ಅಂಕಣ ಖಾಲಿಯೇ ಉಳಿಯಿತು. ಮನೆ ದೂರ, ತೋಟ ನಡುವೆ, ತೋಡು (ಹಳ್ಳ) ಅಡ್ಡ. ಒಂದೆಡೆ ಗುಂಪಾಗಿ ಮನೆಗಳಿರುವ ಬಯಲುಸೀಮೆಯ ಊರಿನಂತೆ ಇಲ್ಲಿ ಆರು ಗಂಟೆಗೆ ಎಲ್ಲರೂ ಒಂದು ಜಗಲಿಗೆ ಬಂದು ಕೂರುವುದು ಸುಲಭವಿರಲಿಲ್ಲ.

ಹಾಜರಿ ಪುಸ್ತಕಕ್ಕೆ ಬೆಲೆ ಬಂದದ್ದು ದುಡ್ಡಿನ ಜೊತೆಗೆ. 1854ರ ವುಡ್ ವರದಿಯ ನಂತರ ಖಾಸಗಿ ಶಾಲೆಗಳಿಗೆ ಸರ್ಕಾರದ ಗ್ರಾಂಟು ಸಿಗತೊಡಗಿತು. ಗ್ರಾಂಟು ಬೇಕಾದರೆ ಇನ್‌ಸ್ಪೆಕ್ಟರಿಗೆ ಲೆಕ್ಕ ತೋರಿಸಬೇಕು. 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಸ್ಥಳೀಯ ಸಂಸ್ಥೆಗಳು ಬಯಸಿದರೆ ಸರ್ಕಾರದ ಒಪ್ಪಿಗೆ ಪಡೆದು ತಮ್ಮ ವ್ಯಾಪ್ತಿಯಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಬಹುದಿತ್ತು. ಮಗು ಶಾಲೆಗೆ ಬಾರದಿದ್ದರೆ ಅಪ್ಪ ಉತ್ತರ ಕೊಡಬೇಕು ಎಂಬ ಮಾತು ಕಾನೂನಿನ ಭಾಷೆಗೆ ಬಂದದ್ದು ಆ ಕಾಲದಲ್ಲಿ.

1953ರಲ್ಲಿ ಮದ್ರಾಸ್ ಮುಖ್ಯಮಂತ್ರಿ ರಾಜಾಜಿ ತಿರುಗಾಮುರುಗಾ ಒಂದು ಯೋಜನೆ ತಂದರು. ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಮಗುವಿಗೆ ದಿನಕ್ಕೆ ಮೂರು ಗಂಟೆ ಪಾಠ ಸಾಕು, ಉಳಿದ ಹೊತ್ತು ಮನೆಕಸುಬು ಕಲಿಯಲಿ ಎಂದು. ಕಾಸರಗೋಡು ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಇದು ಕುಲಕಸುಬಿಗೆ ಕಟ್ಟಿಹಾಕುವ ಹುನ್ನಾರ ಎಂದು ಗಲಾಟೆಯಾಗಿ, 1954ರಲ್ಲಿ ಮುಖ್ಯಮಂತ್ರಿಯಾದ ಕಾಮರಾಜ್ ಅದನ್ನು ಕೈಬಿಟ್ಟರು. ಬಿಟ್ಟದ್ದೇ ಸರಿ. ಆದರೆ ಮನೆಗೆ ಮಗುವಿನ ಕೈ ಬೇಕಾಗುತ್ತಿತ್ತು ಎಂಬ ವಿಷಯ ಯೋಜನೆಯ ಜೊತೆ ಹೋಗಲಿಲ್ಲ. ಬೀಡಿ ಕಟ್ಟುವ ಮನೆಗಳಲ್ಲಿ ನೂಲು ಸುತ್ತಲು, ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರಲು ಮಕ್ಕಳೇ ಆಗಬೇಕಿತ್ತು. ಅಡಿಕೆ ಸುಲಿಯುವ ದಿನವೂ ಹಾಗೆಯೇ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಶಾಲಾವರ್ಷದ ನಟ್ಟನಡುವೆ ರಾಜ್ಯವೇ ಬದಲಾಯಿತು. 1959ರಲ್ಲಿ ಕೇರಳ ಶಿಕ್ಷಣ ಕಾಯ್ದೆ, ಅದರ ಹಿಂದೆಯೇ ನಿಯಮಾವಳಿ ಜಾರಿಗೆ ಬಂದವು. ಇಂದಿಗೂ ನಮ್ಮ ಕನ್ನಡ ಶಾಲೆಗಳ ಎದೆಬಡಿತ ಏರಿಸುವ ನಿಯಮ ಅದರಲ್ಲಿದೆ: ಶಾಲೆ ತೆರೆದ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೋ ಅದರ ಮೇಲೆ ಆ ವರ್ಷದ ಡಿವಿಷನ್ (ತರಗತಿಯ ವಿಭಾಗ), ಆ ವರ್ಷದ ಅಧ್ಯಾಪಕ ಹುದ್ದೆ. ಒಂದೆರಡು ತಲೆ ಕಡಿಮೆಯಾದರೆ ಡಿವಿಷನ್ ಬೀಳುತ್ತದೆ, ಹುದ್ದೆ ಹೋಗುತ್ತದೆ. ಈಗ ಆಧಾರ್ ಜೋಡಿಸಿದ ‘ಸಂಪೂರ್ಣ’ ತಂತ್ರಾಂಶದಲ್ಲಿ ಲೆಕ್ಕ ಕೂಡುತ್ತದೆ. ಹಿಂದೆ ಅಧಿಕಾರಿಗಳು ಬಂದು ತಲೆ ಎಣಿಸುತ್ತಿದ್ದರು, ಆ ದಿನ ಜ್ವರ ಬಂದ ಮಗುವೂ ಶಾಲೆಯಲ್ಲೇ. ಜೂನ್ ಮೊದಲ ವಾರ ಮನೆ ಬಾಗಿಲಿಗೆ ಬರುವ ಮಾಷ್ಟ್ರು ಜುಲೈಯಲ್ಲಿ ಯಾಕೆ ಬರುವುದಿಲ್ಲ ಎಂದು ಹೆತ್ತವರು ಕೇಳಿದರೆ ಅದು ತಪ್ಪೆನ್ನಲಾರೆ. ಮಗು ದಿನಾ ಬರುತ್ತದೋ ಇಲ್ಲವೋ ಎನ್ನುವುದಕ್ಕಿಂತ ಆ ಒಂದು ದಿನ ಇತ್ತೋ ಇಲ್ಲವೋ ಎನ್ನುವುದಕ್ಕೆ ಹೆಚ್ಚು ತೂಕ ಬಂದದ್ದು ನಿಯಮದ ದೆಸೆಯಿಂದ.

ದಿನಾ ಬರುವಂತೆ ಮಾಡಿದ್ದು ಬಹುಮಟ್ಟಿಗೆ ಊಟ. ಕೇರಳದ ಪ್ರಾಥಮಿಕ ಶಾಲೆಗಳಲ್ಲಿ 1984ರಲ್ಲಿ ಸರ್ಕಾರದ ಬಿಸಿಯೂಟ ಶುರುವಾಯಿತು. ಗಂಜಿ, ಹೆಸರುಕಾಳಿನ ಪಲ್ಯ. 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಬಂದಾಗ, ಬೇಯಿಸಿ ಬಡಿಸದ ಕಡೆಗಳಲ್ಲಿ ತಿಂಗಳಿಗೆ 3 ಕಿಲೋ ಧಾನ್ಯ ಮನೆಗೆ ಕೊಡುವ ಕ್ರಮವಿತ್ತು, ಆದರೆ ಶೇ. 80ರಷ್ಟು ಹಾಜರಿ ಇದ್ದರೆ ಮಾತ್ರ. ಅಂದರೆ ಯಾವ ಮನೆಗೆ ಅಕ್ಕಿ ಹೆಚ್ಚು ಬೇಕೋ ಆ ಮನೆಯ ಮಗುವೇ ಷರತ್ತಿನಲ್ಲಿ ಸೋಲುವ ಸಾಧ್ಯತೆ. ಶಾಲೆಯಲ್ಲೇ ಬಡಿಸುವ ಊಟಕ್ಕೆ ಆ ಕಿರಿಕಿರಿ ಇಲ್ಲ, ಬಂದ ದಿನ ಉಂಟು, ಅಷ್ಟೇ.

ಸಮಯದ ಕಥೆ ಬೇರೆ. ಕೇರಳದಲ್ಲಿ ಪ್ರಾಥಮಿಕ ಶಾಲೆಯ ದಿನ ಸಾಮಾನ್ಯವಾಗಿ ಹತ್ತರಿಂದ ನಾಲ್ಕು. ಗಡಿಯಾಚೆ ಮಂಗಳೂರಿನಿಂದ ಬಂದ ನೆಂಟರು ‘ಇಷ್ಟು ತಡವಾ?’ ಎಂದು ಹುಬ್ಬೇರಿಸುವುದುಂಟು. ಬೆಳಗ್ಗೆ ಮದ್ರಸಕ್ಕೆ ಹೋಗಿ ಬರುವ ಮಕ್ಕಳು ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆ ಸಾವಿರಾರು. ಅವರಿಗೆ ಅದು ದಿನದ ಎರಡನೇ ಶಾಲೆ. ಇದೇ ಕಾರಣಕ್ಕೆ ಶಾಲಾ ಸಮಯ ಮುಟ್ಟಿದರೆ ಸಾಕು, ರಾಜ್ಯದಲ್ಲಿ ಗದ್ದಲವಾಗುತ್ತದೆ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ತರಗತಿ ನಡೆಸಬೇಕೆಂಬ, ಶಾಲಾ ಶಿಕ್ಷಣ ಸುಧಾರಣೆಗೆ ರಾಜ್ಯ ಸರ್ಕಾರ ನೇಮಿಸಿದ್ದ ಖಾದರ್ ಸಮಿತಿಯ ಸಲಹೆ ಕಾಗದದಲ್ಲೇ ಉಳಿದಿದೆ.

ಇನ್ನು ಪಂಚಾಂಗ. ಕೇರಳದ ಶಾಲೆಗೆ ಓಣಂಗೆ ಹತ್ತು ದಿನ, ಕ್ರಿಸ್‌ಮಸ್‌ಗೆ ಹತ್ತು ದಿನ. ನವರಾತ್ರಿಗೆ ಸಿಗುವುದು ಕೊನೆಯ ಎರಡು ಮೂರು ದಿನ. ಕರ್ನಾಟಕದಲ್ಲಿ ದಸರಾ ರಜೆ ಇರುವಾಗ ಪುತ್ತೂರಿನ ದೊಡ್ಡಮ್ಮನ ಮಕ್ಕಳು ಪೆರ್ಲದ ಮನೆಗೆ ಬಂದಿರುತ್ತಾರೆ, ಇಲ್ಲಿನ ಮಗು ಮಾತ್ರ ಚೀಲ ಹೆಗಲಿಗೇರಿಸಬೇಕು. ಅಂಥ ಬೆಳಗ್ಗೆ ಹೊಟ್ಟೆನೋವು ಬರುವುದರಲ್ಲಿ ಆಶ್ಚರ್ಯವಿಲ್ಲ. ದೀಪಾವಳಿಯೂ ಹಾಗೆಯೇ, ಊರಿಗೆ ಮೂರು ದಿನದ ಹಬ್ಬ, ಶಾಲೆಗೆ ಒಂದೇ ದಿನದ್ದು. ತರವಾಡಿನ (ಕುಟುಂಬದ ಮೂಲಮನೆಯ) ನೇಮ, ಅಂದರೆ ದೈವದ ಕೋಲ, ರಾತ್ರಿಯಿಡೀ ನಡೆದರೆ ಮರುದಿನ ಎರಡನೇ ಕ್ಲಾಸು ಅರ್ಧ ಖಾಲಿ. ಈ ಗೈರುಹಾಜರಿಗಳನ್ನು ಸೋಮಾರಿತನದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಮಳೆಯದು ಎಲ್ಲರಿಗೂ ಗೊತ್ತು. ಶಾಲೆ ತೆರೆಯುವುದೂ ಮುಂಗಾರು ಕಾಲಿಡುವುದೂ ಒಂದೇ ವಾರ. ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟಿ ಬರುವ ಮಗುವಿಗೆ ತೋಡು ತುಂಬಿದರೆ ಅಂದು ಶಾಲೆಯಿಲ್ಲ, ಜಿಲ್ಲಾಧಿಕಾರಿ ರಜೆ ಕೊಡಲಿ, ಬಿಡಲಿ. ಬೇಸಿಗೆ ರಜೆಯನ್ನೇ ಜೂನ್-ಜುಲೈಗೆ ಸರಿಸಿದರೆ ಹೇಗೆ ಎಂದು ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ 2025ರಲ್ಲಿ ಚರ್ಚೆಗೆ ಬಿಟ್ಟರು. ಆದರೆ ಏಪ್ರಿಲ್ ಸೆಕೆಯಲ್ಲಿ ತಗಡಿನ ಮಾಡಿನಡಿ ಕೂರಿಸುವುದು ಮಳೆಗಿಂತ ಮೇಲೇನಲ್ಲ.

ಇಷ್ಟು ಹೇಳಿದ ಮೇಲೆ ಹೆತ್ತವರ ಪಾಲಿನದ್ದನ್ನೂ ಹೇಳಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಗಂಟೆ ಪಾಠ ಎನ್ನುತ್ತದೆ. ಮಗುವನ್ನು ಸೇರಿಸುವುದು ಹೆತ್ತವರ ಕರ್ತವ್ಯ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ, ದಂಡ ಹಾಕುವುದಿಲ್ಲ. ತಡವಾಗಿ ಬಂದ ಮಗುವನ್ನು ಹೊಡೆಯುವಂತಿಲ್ಲ, ಮನಸ್ಸು ನೋಯಿಸುವಂತೆಯೂ ಇಲ್ಲ. ಗೇಟು ಹಾಕಿ ಹೊರಗೆ ನಿಲ್ಲಿಸುವ ಶಾಲೆಗಳು ಇದನ್ನು ಮತ್ತೊಮ್ಮೆ ಓದಬೇಕು: ಆರು ವರ್ಷದ ಮಗು ಸ್ಕೂಟರ್ ಓಡಿಸಿಕೊಂಡು ಬರುವುದಿಲ್ಲ. ಆದರೆ ಅದನ್ನು ಕರೆತರುವವರು ಹತ್ತೂಕಾಲಕ್ಕೆ ಬಿಟ್ಟು ಹೋಗುವುದನ್ನು ರೂಢಿ ಮಾಡಿಕೊಂಡರೆ ನಷ್ಟ ಅಕ್ಷರ ಕಲಿಯುವ ಹೊತ್ತಿನದೇ. ಬೆಳಗ್ಗೆ ಹಾಜರಿಗೆ ಒಂದು ಓರೆಗೆರೆ, ಮಧ್ಯಾಹ್ನ ಅದರ ಮೇಲೆ ಅಡ್ಡ ಇನ್ನೊಂದು. ಬೆಲ್ಲಾದ ಮೇಲಿನ ಹದಿನೈದು ನಿಮಿಷ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ.

ಸಣ್ಣ ಕನ್ನಡ ಶಾಲೆಯಲ್ಲಿ ಇದರ ಪೆಟ್ಟು ದೊಡ್ಡದು. ಎಂಟು ಮಕ್ಕಳ ತರಗತಿಗೆ ಮೂವರು ಬಾರದಿದ್ದರೆ ಟೀಚರ್ ಹೊಸ ಪಾಠ ತೆಗೆಯುವುದಿಲ್ಲ. ನಾಳೆ ಅವರು ಬಂದ ಮೇಲೆ ನೋಡೋಣ ಎನ್ನುತ್ತಾರೆ. ಬಾರದ ಮಗುವಿಗಾಗಿ ಬಂದ ಮಗು ಕಾಯುತ್ತದೆ.

ಕೆಲಸದ ದಿನಗಳ ಜಗ್ಗಾಟ ಇನ್ನೂ ಮುಗಿದಿಲ್ಲ. 2024ರಲ್ಲಿ 25 ಶನಿವಾರ ಸೇರಿಸಿ 220 ದಿನ ಮಾಡಲು ಹೋದ ಸರ್ಕಾರದ ಆದೇಶವನ್ನು, ಅಧ್ಯಾಪಕ ಸಂಘಟನೆಗಳ ಅರ್ಜಿಯ ಮೇಲೆ ಹೈಕೋರ್ಟ್ ರದ್ದು ಮಾಡಿತು. 2025ರ ಜೂನ್‌ನಿಂದ ಎಂಟರಿಂದ ಹತ್ತನೇ ತರಗತಿಗೆ ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ ಹೆಚ್ಚಾಯಿತು: ಶುಕ್ರವಾರ ಬಿಟ್ಟು 9.45ರಿಂದ 4.15. ಮುಸ್ಲಿಂ ವಿದ್ವಾಂಸರ ‘ಸಮಸ್ತ’ ಸಂಘಟನೆಯ ವಿರೋಧದ ನಡುವೆಯೂ ಅದು ನಿಂತಿದೆ. ಪ್ರಾಥಮಿಕ ಮಕ್ಕಳ ಸಮಯ ಹಾಗೆಯೇ ಇದೆ, ಕಾಗದದ ಮೇಲೆ. ಆದರೆ ಮುಳ್ಳೇರಿಯಕ್ಕೋ ಬದಿಯಡ್ಕಕ್ಕೋ ಹೋಗುವ ಜೀಪಿನಲ್ಲಿ ಅಣ್ಣನೂ ತಂಗಿಯೂ ಒಟ್ಟಿಗೇ ಹೋಗುತ್ತಾರೆ. ಅಣ್ಣನ ಬೆಲ್ಲಿಗೆ ಜೀಪು ಹೊರಟರೆ ತಂಗಿ ಕಾಲು ಗಂಟೆ ಮೊದಲೇ ಶಾಲೆಯಲ್ಲಿರುತ್ತಾಳೆ, ಸಂಜೆ ಅಷ್ಟೇ ಹೊತ್ತು ಅಣ್ಣನಿಗಾಗಿ ಕಾಯುತ್ತಾಳೆ. ಆ ಹೊತ್ತಿನಲ್ಲಿ ಅವಳನ್ನು ನೋಡಿಕೊಳ್ಳುವವರು ಯಾರು ಎನ್ನುವುದನ್ನು ಪ್ರತಿ ಶಾಲೆಯ ಪಿಟಿಎ (ಹೆತ್ತವರ-ಅಧ್ಯಾಪಕರ ಸಂಘ) ತಾನೇ ಕೂತು ತೀರ್ಮಾನಿಸಬೇಕಾಗಿದೆ.