ಸೀಮಂತಕ್ಕೆ ಸಾವಿರ ರೂಪಾಯಿಯೊಳಗೆ ಏನು ಕೊಡಲಿ?

ಓದುಗರ ಪ್ರಶ್ನೆ: ಮೈಸೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಗೆ ಈಗ ಏಳು ತಿಂಗಳು. ಮುಂದಿನ ಭಾನುವಾರ ಧಾರವಾಡದ ಅವಳ ಮನೆಯಲ್ಲಿ ಕುಬುಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದಾರೆ. ನಾನು ಇಲ್ಲಿಯವಳೇ, ಆ ಕಡೆಯ ಪದ್ಧತಿ ತಿಳಿಯದು. ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವುದು ನನ್ನಿಂದ ಆಗದು. ಅಂಗಡಿಯಲ್ಲಿ ಮಗುವಿನ ಉಡುಗೊರೆ ಪೆಟ್ಟಿಗೆಯೊಂದನ್ನು ನೋಡಿಟ್ಟಿದ್ದೇನೆ. ಪುಟ್ಟ ಅಂಗಿ, ಹಾಲಿನ ಬಾಟಲಿ, ಪೌಡರ್, ದಿಂಬು, ಗಿಲಕಿ ಎಲ್ಲವೂ ಅದರಲ್ಲಿವೆ. ಅದನ್ನೇ ಕೊಳ್ಳಲೇ?

ಆ ಪೆಟ್ಟಿಗೆ ಅಂಗಡಿಯಲ್ಲೇ ಇರಲಿ. ಸಾವಿರ ರೂಪಾಯಿ ಕಡಿಮೆಯಾಯಿತೇನೋ ಎಂಬ ಅಳುಕೂ ಬೇಡ. ಅಷ್ಟರಲ್ಲೇ ನಿಮ್ಮ ಗೆಳತಿ ಬಾಣಂತನ ಮುಗಿಯುವವರೆಗೆ ದಿನವೂ ಕೈಗೆತ್ತಿಕೊಳ್ಳುವಂಥದ್ದನ್ನು ಕೊಡಬಹುದು. ನೀವು ಹೋಗುತ್ತಿರುವುದು ಬಸುರಿಯ ಸಂಭ್ರಮಕ್ಕೆ. ಮಗುವಿನ ಸಂಭ್ರಮ ಆಮೇಲೆ ಬರುತ್ತದೆ.

ಈ ಶಾಸ್ತ್ರಕ್ಕಿರುವ ಹೆಸರುಗಳನ್ನೇ ನೋಡಿ. ಸೀಮಂತ ಎಂದರೆ ಬೈತಲೆ. ಮನೆಯ ಸಂಸ್ಕಾರಗಳನ್ನು ವಿವರಿಸುವ ಹಳೆಯ ಗ್ರಂಥಗಳಾದ ಗೃಹ್ಯಸೂತ್ರಗಳಲ್ಲಿ ಬರುವ ಸೀಮಂತೋನ್ನಯನದಲ್ಲಿ ಗಂಡನು ಮುಳ್ಳುಹಂದಿಯ ಮುಳ್ಳನ್ನೂ ಎಳೆಯ ಅತ್ತಿಕಾಯಿಯ ಗೊಂಚಲನ್ನೂ ಹಿಡಿದು ಹೆಂಡತಿಯ ಬೈತಲೆ ತೆಗೆಯುತ್ತಾನೆ. ಉತ್ತರ ಕರ್ನಾಟಕದ ಕುಬುಸ ಎಂದರೆ ಕುಪ್ಪಸ, ನಾವು ರವಿಕೆ ಎನ್ನುವುದು. ನಿಮ್ಮ ಕಡೆ ಬಳೆ ತೊಡಿಸುತ್ತಾರೆ, ಹೂ ಮುಡಿಸುತ್ತಾರೆ. ಕರಾವಳಿಯವರು ಬಯಕೆ ಎನ್ನುತ್ತಾರೆ. ಬೈತಲೆ, ರವಿಕೆ, ಬಳೆ, ಹೂವು, ನಾಲಿಗೆಯ ಆಸೆ: ಎಲ್ಲವೂ ಹೆರಲಿರುವವಳ ಮೈಗೆ, ಮನಸ್ಸಿಗೆ ಸೇರಿದವು. ಅಂಗಿ, ಕುಂಚಿಗೆ, ಕುಲಾವಿ, ಗಿಲಕಿಗಳ ಸರದಿ ಬರುವುದು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ.

ಮಗು ಹುಟ್ಟುವ ಮೊದಲು ಅದರ ಬಟ್ಟೆಬರೆ ಮನೆಯೊಳಗೆ ಬರಬಾರದು ಎನ್ನುವ ಮನೆಗಳು ಇಂದಿಗೂ ಬಹಳ ಇವೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಉಳಿಯದೆ ಹೋಗುತ್ತಿದ್ದ ಕಾಲವನ್ನು ಕಂಡವರು ನಮ್ಮ ಅಜ್ಜಿಯರು. ಯಾರೂ ತೊಡದ ಅಂಗಿಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಸೇರಿಸುವ ಸಂಕಟ ಎಂಥದ್ದೆಂದು ಅವರಿಗೆ ಗೊತ್ತಿತ್ತು. ನಿಮ್ಮ ಗೆಳತಿಯ ಮನೆಯವರು ಈ ಪದ್ಧತಿ ಇಟ್ಟುಕೊಂಡಿದ್ದರೆ ನಿಮ್ಮ ಪೆಟ್ಟಿಗೆ ಅಲ್ಲಿ ಮುಜುಗರ ತರುತ್ತದೆ. ಇಟ್ಟುಕೊಂಡಿಲ್ಲವೆಂದರೂ ಅದರೊಳಗಿನ ಸಾಮಾನುಗಳು ಅಷ್ಟು ಉಪಯೋಗಕ್ಕೆ ಬರುವಂಥವಲ್ಲ.

ಹಾಲಿನ ಬಾಟಲಿಯನ್ನಂತೂ ಉಡುಗೊರೆಯಾಗಿ ಕೊಡಲೇಬೇಡಿ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಳೆಮಕ್ಕಳ ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತು ಕೊಡುವುದನ್ನೂ ಮಾರಾಟ ಹೆಚ್ಚಿಸಲು ಅವುಗಳನ್ನು ಉಚಿತವಾಗಿ ಹಂಚುವುದನ್ನೂ ನಮ್ಮ ದೇಶ 1992ರ ಕಾಯ್ದೆಯಲ್ಲೇ ನಿಷೇಧಿಸಿದೆ. ಆ ಕಾಯ್ದೆ ಕಂಪನಿಗಳಿಗೆ ಅನ್ವಯಿಸುವಂಥದ್ದು, ನೆಂಟರಿಷ್ಟರನ್ನು ಅದು ತಡೆಯುವುದಿಲ್ಲ, ನಿಜ. ಆದರೆ ಎದೆಹಾಲು ಸಾಲುತ್ತದೋ ಇಲ್ಲವೋ ಎಂದು ಮೊದಲೇ ಅಂಜುವ ಹುಡುಗಿಯ ಕೈಗೆ ಬಾಟಲಿ ಇಟ್ಟರೆ ಆ ಅಂಜಿಕೆಗೆ ನಾವೇ ನೀರೆರೆದಂತಾಗುತ್ತದೆ. ಬಾಟಲಿ ಬೇಕಾಗುವ ಸಂದರ್ಭ ಬಂದರೆ ವೈದ್ಯರು ಹೇಳುತ್ತಾರೆ. ಪೌಡರಿನ ಪುಡಿ ಎಳೆಗೂಸಿನ ಉಸಿರಿನೊಳಗೆ ಹೋಗುತ್ತದೆ. ದಿಂಬನ್ನು ಕೂಸು ಮಲಗುವ ಕಡೆ ಇಡಬೇಡಿ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಇನ್ನು ಅಂಗಿ. ನವಜಾತ ಶಿಶುವಿನ ಅಳತೆಯ ಅಂಗಿ ಕೆಲವೇ ವಾರಗಳಲ್ಲಿ ಬಿಗಿಯಾಗುತ್ತದೆ. ನನಗೆ ಬಂದ ಅಂಥ ಹನ್ನೊಂದು ಅಂಗಿಗಳಲ್ಲಿ ಐದನ್ನು ಮಗಳಿಗೆ ಒಮ್ಮೆಯೂ ತೊಡಿಸಲಾಗಲಿಲ್ಲ. ಅವುಗಳನ್ನು ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟಿದ್ದರು, ಹಾಗಾಗಿ ಬೇರೆಯವರಿಗೆ ಕೊಡುವಾಗ ಮನಸ್ಸಿಗೆ ಕಷ್ಟವಾಯಿತು.

ಹಾಗಾದರೆ ಹೊಸ ತಾಯಿಗೆ ನಿಜವಾಗಿ ಬೇಕಾಗುವುದು ಏನು? ಇದಕ್ಕೆ ನಮ್ಮ ರಾಜ್ಯ ಸರ್ಕಾರವೇ ಒಮ್ಮೆ ಬಹಳ ಚೆನ್ನಾಗಿ ಉತ್ತರ ಕೊಟ್ಟಿತ್ತು. 2007ರಲ್ಲಿ ಶುರುವಾದ ಮಡಿಲು ಯೋಜನೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಂದಿರಿಗೆ ಒಂದು ಚೀಲ ಕೊಡುತ್ತಿದ್ದರು. ಮಗುವಿಗೆಂದು ಸ್ವೆಟರ್, ಟೋಪಿ, ರಬ್ಬರ್ ಹಾಸು ಇದ್ದವು. ಅವುಗಳ ಜೊತೆಗೇ ತಾಯಿಗೆಂದು ಕಂಬಳಿ, ಸಾಬೂನು, ಬಾಚಣಿಗೆ, ಕೊಬ್ಬರಿ ಎಣ್ಣೆ, ಹೊಟ್ಟೆಗೆ ಕಟ್ಟುವ ಪಟ್ಟಿ, ಸ್ಯಾನಿಟರಿ ಪ್ಯಾಡ್, ಮನೆಗೆ ಸೊಳ್ಳೆ ಪರದೆ. ಬಾಚಣಿಗೆ, ಕೊಬ್ಬರಿ ಎಣ್ಣೆ ಎಂದು ಬರೆದ ಕೈ ಯಾರದೋ ಗೊತ್ತಿಲ್ಲ, ಆದರೆ ಬಾಣಂತಿಯ ಮಗ್ಗುಲಲ್ಲಿ ಕೂತು ನೋಡಿದವರಿಗೇ ಅದು ಹೊಳೆಯಬೇಕು. ಮನೆಗೆ ಬಂದವರೆಲ್ಲ ಮಗುವಿನ ಮೂಗು ಯಾರದು, ಬಣ್ಣ ಯಾರದು ಎಂದು ನೋಡುತ್ತಿರುವಾಗ, ತಾಯಿಯ ತಲೆ ಬಾಚಿ ಎಷ್ಟು ದಿನವಾಯಿತು ಎಂದು ಕೇಳುವವರು ಅಪರೂಪ.

ಈ ದಿಕ್ಕಿನಲ್ಲೇ ಯೋಚಿಸಿ, ನಿಮ್ಮ ಹಣವನ್ನು ಎರಡು ಪಾಲು ಮಾಡಿ. ಸಣ್ಣ ಪಾಲು ಶಾಸ್ತ್ರಕ್ಕೆ, ದೊಡ್ಡ ಪಾಲು ಬಾಣಂತನಕ್ಕೆ.

ಶಾಸ್ತ್ರಕ್ಕೆ ಒಂದು ಖಣ ಕೊಳ್ಳಿ. ಖಣವೆಂದರೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಮಗ್ಗಗಳಲ್ಲಿ ಹುಟ್ಟುವ ರವಿಕೆ ಬಟ್ಟೆ. ಧಾರವಾಡದವರಿಗೆ ಅದರ ಪರಿಚಯ ಹೇಳಬೇಕಿಲ್ಲ. ಅಂಗಡಿಯವರು ಬಿಚ್ಚಿ ತೋರಿಸುವಾಗ ಸ್ವಲ್ಪ ಹೊತ್ತು ನೋಡಿ. ಎರಡೂ ಅಂಚಿನಲ್ಲಿ ದಪ್ಪ ದಡಿ, ಮೈತುಂಬ ಒತ್ತೊತ್ತಾಗಿ ನೇಯ್ದ ಪುಟ್ಟ ಚಿತ್ತಾರ. ಆ ಚಿತ್ತಾರಗಳಿಗೆ ಸೂಜಿಮಲ್ಲಿಗೆ, ಆನೆ ಹೆಜ್ಜೆ, ತೇರು ಎಂದೆಲ್ಲ ಹೆಸರಿವೆ. ಬೆಳಕಿಗೆ ಓರೆ ಹಿಡಿದರೆ ಒಂದೇ ಬಟ್ಟೆ ಎರಡು ಬಣ್ಣ ತೋರುತ್ತದೆ, ಹಸಿರಿನ ಕೆಳಗಿಂದ ಕೆಂಪು ಇಣುಕುತ್ತದೆ. ಕುಬುಸಕ್ಕೆ ಹಸಿರೇ ಒಪ್ಪುವ ಬಣ್ಣ. ರವಿಕೆಗೆ ಸಾಲುವ ಸಾದಾ ಖಣ ಇನ್ನೂರರ ಆಸುಪಾಸಿನಲ್ಲಿ ಸಿಗುತ್ತದೆ. ಮೈಸೂರಿನಲ್ಲಿ ಹುಡುಕಿ ಸಿಗದಿದ್ದರೆ ಧಾರವಾಡದಲ್ಲಿ ಇಳಿದ ಮೇಲೆ ಸುಭಾಷ್ ರಸ್ತೆಯ ಕಡೆ ಹೋದರಾಯಿತು. ರೇಷ್ಮೆಯ ದುಬಾರಿ ಖಣ ಬೇಕಿಲ್ಲ. ಬಸುರಿಯ, ಬಾಣಂತಿಯ ಮೈಗೆ ಹತ್ತಿಯಷ್ಟು ಹಿತವಾದದ್ದು ಬೇರೆ ಇಲ್ಲ.

ಖಣದ ಮೇಲೆ ಒಂದು ಡಜನ್ ಹಸಿರು ಗಾಜಿನ ಬಳೆ ಇಡಿ. ಅಳತೆ ಮಾತ್ರ ಕೇಳಿಕೊಳ್ಳಿ. ಏಳನೆಯ ತಿಂಗಳಲ್ಲಿ ಕೈ ಊದಿಕೊಂಡಿರುತ್ತದೆ, ಮದುವೆಯ ಹೊತ್ತಿನ ಅಳತೆ ಹಿಡಿಸುವುದಿಲ್ಲ, ಬಲವಂತವಾಗಿ ಏರಿಸಿದರೆ ಗಾಜು ಒಡೆದು ಗೀರುತ್ತದೆ. ಬಸುರಿಯ ಕೈಬಳೆಯ ಸದ್ದು ಮಗುವಿಗೆ ಕೇಳುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಏಳನೆಯ ತಿಂಗಳ ಹೊತ್ತಿಗೆ ಹೊಟ್ಟೆಯೊಳಗಿನ ಕೂಸು ಹೊರಗಿನ ಸದ್ದಿಗೆ ಸ್ಪಂದಿಸುತ್ತದೆ ಎಂಬುದು ವೈದ್ಯರೂ ಒಪ್ಪುವ ಮಾತು.

ನೀವು ಮಡಿಲು ತುಂಬುವುದು ಎನ್ನುವುದನ್ನು ಅಲ್ಲಿ ಉಡಿ ತುಂಬುವುದು ಎನ್ನುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಅಡಿಕೆ, ವೀಳ್ಯದೆಲೆ, ಬಾಳೆಹಣ್ಣು, ಖಣ ಎಲ್ಲವನ್ನೂ ಅವಳ ಸೆರಗಿನಲ್ಲಿ ಇಡುತ್ತಾರೆ. ಕೆಲವು ಮನೆಗಳಲ್ಲಿ ಮುತ್ತೈದೆಯರಷ್ಟೇ ಉಡಿ ತುಂಬುತ್ತಾರೆ. ಎಲ್ಲ ಹೆಂಗಸರನ್ನೂ ಕರೆದು ತುಂಬಿಸಿಕೊಳ್ಳುವ ಮನೆಗಳು ಹೆಚ್ಚಲಿ ಎಂಬುದು ನನ್ನ ಆಸೆ. ಆದರೆ ಬೇರೆಯವರ ಮನೆಯ ಸಂಭ್ರಮದ ದಿನ ವಾದಕ್ಕೆ ನಿಲ್ಲುವುದು ಸರಿಯಲ್ಲ. ಹಾಗೇನಾದರೂ ಇದ್ದರೆ ಖಣ, ಬಳೆಗಳನ್ನು ಅವಳ ಅಮ್ಮನ ಕೈಗೆ ಕೊಡಿ, ಅವರೇ ಉಡಿಗೆ ಸೇರಿಸುತ್ತಾರೆ. ಹರಸುವಾಗ ಗಂಡು ಹೆಣ್ಣಿನ ಮಾತು ಎತ್ತಬೇಡಿ. ಗಂಡು ಮಗುವಾಗಲಿ ಎಂಬ ಹರಕೆಯ ಹಿಂದೆ ಎಷ್ಟು ಹೆಣ್ಣು ಭ್ರೂಣಗಳು ಅಳಿದವೆಂದರೆ, ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಕಾನೂನೇ ಬರಬೇಕಾಯಿತು.

ಉಳಿದ ಆರೇಳು ನೂರು ರೂಪಾಯಿಗೆ ಒಂದು ಸ್ಟೀಲಿನ ಫ್ಲಾಸ್ಕ್ ಕೊಳ್ಳಿ. ಅರ್ಧ ಲೀಟರಿನದು ಸಾಕು, ಮುಚ್ಚಳದ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ತೆರೆಯುವಂಥದ್ದು. ಈ ಹೆಬ್ಬೆರಳಿನ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಮಗಳು ಹುಟ್ಟಿದ ಮೊದಲ ವಾರ, ರಾತ್ರಿ ಎರಡು ಗಂಟೆಗೆ, ಹಾಲೂಡುತ್ತ ಕೂತಾಗ ಗಂಟಲು ಬಿರಿಯುವಂಥ ಬಾಯಾರಿಕೆ ಆಗುತ್ತಿತ್ತು. ಹಾಲು ಇಳಿಯುವಾಗ ಹಾಗೆ ಆಗುತ್ತದೆ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಬಾಣಂತಿಗೆ ತಣ್ಣೀರು ಕೊಡುವಂತಿಲ್ಲ ಎಂದು ಅಮ್ಮ ಪ್ರತಿ ಸಲ ಎದ್ದು ಒಲೆ ಹಚ್ಚುತ್ತಿದ್ದಳು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲೂಡಬೇಕಾದ ಕಾಲ ಅದು. ನಾಲ್ಕನೆಯ ದಿನ ಪಕ್ಕದ ಮನೆಯವರೊಬ್ಬರು ತಮ್ಮ ಮನೆಯ ಹಳೆಯ ಫ್ಲಾಸ್ಕ್ ತಂದು ಮಂಚದ ತಲೆದೆಸೆಯಲ್ಲಿ ಇಟ್ಟು ಹೋದರು. ಅದರ ಮುಚ್ಚಳ ತಿರುಗಿಸಲು ಎರಡು ಕೈ ಬೇಕು, ನನ್ನ ಒಂದು ಕೈಯಲ್ಲಿ ಕೂಸು. ಮೊಣಕಾಲ ನಡುವೆ ಒತ್ತಿ ಹಿಡಿದು ತೆರೆಯುತ್ತಿದ್ದೆ. ಆದರೂ ಆ ರಾತ್ರಿ ಅಮ್ಮ ಮೊದಲ ಬಾರಿಗೆ ಒಂದೇ ನಿದ್ದೆಯಲ್ಲಿ ಬೆಳಗು ಮಾಡಿದಳು. ಬೆಳ್ಳಿ ಲೋಟ, ಒಳಲೆ ಕೊಟ್ಟವರನ್ನು ಪಟ್ಟಿ ನೋಡಿ ನೆನಪಿಸಿಕೊಳ್ಳಬೇಕು, ಆ ನೆರೆಯಾಕೆಯನ್ನು ನಾನು ಇಂದಿಗೂ ಮರೆತಿಲ್ಲ. ಫ್ಲಾಸ್ಕ್ ಕೊಡುವಾಗ ಅದು ಏಕೆಂದು ಒಂದು ಚೀಟಿಯಲ್ಲಿ ಬರೆದಿಡಿ: ‘ರಾತ್ರಿ ಎರಡು ಗಂಟೆಯ ನಿನ್ನ ಬಾಯಾರಿಕೆಗೆ’. ಈಗ ಅರ್ಥವಾಗದಿದ್ದರೂ ಎರಡು ತಿಂಗಳ ನಂತರ ಅರ್ಥವಾಗುತ್ತದೆ.

ಫ್ಲಾಸ್ಕ್ ಅವರ ಮನೆಯಲ್ಲಿ ಈಗಾಗಲೇ ಇದ್ದರೆ ನಾಲ್ಕೈದು ಮೀಟರ್ ಬಿಳಿ ಮಲ್‌ಮಲ್ ಬಟ್ಟೆ ಕೊಳ್ಳಿ. ಒಗೆದು ಒಣಗಿಸಿ, ಚೌಕ ಚೌಕವಾಗಿ ಕತ್ತರಿಸಿ, ಅಂಚು ಮಡಚಿ ಹೊಲಿದು, ಅವಳ ಹೆಸರಿನಲ್ಲೇ ಕೊಡಿ. ಹಾಲು ಸೋರಿದಾಗ ಒಳಗಿಡಲು, ಮೈ ಒರೆಸಿಕೊಳ್ಳಲು, ಆಮೇಲೆ ಲಂಗೋಟಿಗೂ ಆಗುತ್ತದೆ. ಮಗುವಿಗೆಂದು ಹೇಳದೆಯೇ ಕೊಟ್ಟಿರುವುದರಿಂದ ಮನೆಯ ಹಿರಿಯರಿಗೂ ಆಕ್ಷೇಪವಿರುವುದಿಲ್ಲ. ಹೊಸ ಬಟ್ಟೆಯ ಗಂಜಿ ಹೋಗಬೇಕಾದರೆ ಎರಡು ಮೂರು ಸಲವಾದರೂ ಒಗೆಯಬೇಕು.

ತಿಂಡಿ ಒಯ್ಯುವ ಮನಸ್ಸಿದ್ದರೆ ಮೊದಲು ಫೋನ್ ಮಾಡಿ, ಸಕ್ಕರೆ ಅಂಶ ಹೇಗಿದೆ ಎಂದು ಕೇಳಿ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದು ಈಗ ಸಾಮಾನ್ಯ. ಎದುರಿಗೆ ಮೈಸೂರು ಪಾಕ್ ಇಟ್ಟುಕೊಂಡು ತಿನ್ನಲಾಗದೆ ಕೂರುವುದು ಅವಳಿಗೆ ಹಿಂಸೆ. ಅಂಟಿನ ಉಂಡೆ ಕೊಡುವುದಾದರೆ ಹೆರಿಗೆಯ ನಂತರ ಕೊಡಿ.

ಹಣದ ಲಕೋಟೆ ಕೊಡುವುದು ತಪ್ಪೇನಲ್ಲ. ಆದರೆ ಅದು ಮುಯ್ಯಿಯ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ, ಬಹುತೇಕ ಮನೆಗಳಲ್ಲಿ ಅವಳ ಕೈಗೆ ಬರುವುದಿಲ್ಲ. ಕಚೇರಿಯಲ್ಲಿ ಎಲ್ಲರೂ ಸೇರಿ ಹಣ ಕೂಡಿಸುವುದಾದರೆ ಆ ಹಣವನ್ನು ಈಗ ಖರ್ಚು ಮಾಡದೆ ಎತ್ತಿಡಿ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಹಿತ ರಜೆ ಇದೆ. ಆ ರಜೆ ಮುಗಿದು, ಮಗುವನ್ನು ಬಿಟ್ಟು ಅವಳು ಕಚೇರಿಗೆ ಮರಳುವ ಮೊದಲ ತಿಂಗಳಿಗೆ ಅಡುಗೆಯವರೊಬ್ಬರ ಸಂಬಳವನ್ನು ಎಲ್ಲರೂ ಸೇರಿ ಕೊಡಬಹುದು. ಆ ಹೊತ್ತಿಗೆ ನೋಡಲು ಬರುವವರೆಲ್ಲ ಬಂದು ಹೋಗಿರುತ್ತಾರೆ. ಅವಳಿಗೆ ಆಸರೆ ಬೇಕಾಗುವುದೇ ಆಗ.

ನಿಮಗೆ ಇನ್ನೊಂದು ವಾರವಷ್ಟೇ ಇದೆ. ಎರಡು ಮೂರು ತಿಂಗಳು ಇದ್ದಿದ್ದರೆ ನಾನು ಬೇರೆ ಏನನ್ನೂ ಹೇಳುತ್ತಿರಲಿಲ್ಲ, ಕೌದಿ ಹೊಲಿಯಿರಿ ಎನ್ನುತ್ತಿದ್ದೆ. ಹಳೆಯ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಗೆ ಸುತ್ತುತ್ತ ಸಾಲುಹೊಲಿಗೆ ಹಾಕುತ್ತ ಹೋಗುವುದು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವಿನಂತೆ ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಪಾಲಿಗೆ ಪೂರ್ಣವಲ್ಲ. ಗೆಳತಿಯ ಅಮ್ಮನಿಂದ ಒಂದು, ಅತ್ತೆಯಿಂದ ಒಂದು ಹಳೆಯ ಸೀರೆ ಕೇಳಿ ತಂದು ಹೊಲಿದರೆ ಖರ್ಚು ದಾರದ್ದಷ್ಟೇ. ನೆಲಕ್ಕೆ ಹಾಸಿ ಮಗುವನ್ನು ಬೋರಲು ಹಾಕಲು ಅದಕ್ಕಿಂತ ಒಳ್ಳೆಯ ಹಾಸು ಇಲ್ಲ. ಈಗ ಶುರು ಮಾಡಿದರೂ ಮಗು ಮಗುಚಿಕೊಳ್ಳುವ ವೇಳೆಗೆ ಮುಗಿಯುತ್ತದೆ.

ಗಿಲಕಿಯ ಆಸೆಯನ್ನು ಹೆಸರಿಡುವ ದಿನಕ್ಕೆ ಇಟ್ಟುಕೊಳ್ಳಿ. ಚನ್ನಪಟ್ಟಣ ನಿಮಗೆ ಎಷ್ಟು ದೂರ? ಆಲೆಮರದ ತುಂಡನ್ನು ಕಡೆದು, ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ಗಿಲಕಿ ಕಡಿಮೆ ಬೆಲೆಗೇ ಸಿಗುತ್ತದೆ. ಕೂಸು ಅದನ್ನು ನೇರ ಬಾಯಿಗಿಡುತ್ತದೆ, ಆದ್ದರಿಂದ ತರಕಾರಿ ಬಣ್ಣದ್ದೇ ಎಂದು ಕೇಳಿ ಕೊಳ್ಳಿ, ಕಳಚಿ ಬರುವ ಸಣ್ಣ ಮಣಿ ಇಲ್ಲದ್ದನ್ನು ಆರಿಸಿ.

ಕೊನೆಗೆ, ಹೊರಡುವ ದಿನ ಸಂಜೆ ಮಾರುಕಟ್ಟೆಗೆ ಹೋಗಿ ಒಂದು ಕವಳಿಗೆ ಮೈಸೂರು ಚಿಗುರೆಲೆ ಕೊಂಡುಕೊಳ್ಳಿ. ಉಡಿ ತುಂಬಲು ವೀಳ್ಯದೆಲೆ ಹೇಗೂ ಬೇಕು, ನಿಮ್ಮೂರಿನ ಎಲೆಯ ಮೃದುತ್ವ ಅಲ್ಲಿಯ ಎಲೆಗೆ ಇರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಎಲೆ ಹೊದಿಸಿ ದಾರ ಕಟ್ಟಿ. ರೈಲಿನಲ್ಲಿ ಸೀಟಿನ ಕೆಳಗೆ ತುರುಕದೆ ಗಾಳಿಯಾಡುವ ಕಡೆ ಇಡಿ. ಬಟ್ಟೆ ಒಣಗಿದ್ದರೆ ಮಧ್ಯದಲ್ಲಿ ಒಮ್ಮೆ ನೀರು ಚಿಮುಕಿಸಿ.