ಲಿಥಿಯಂ ಪಾಲಿಮರ್ ಕೂಡ ಲಿಥಿಯಂ ಅಯಾನೇ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೊಬೈಲ್ ಬ್ಯಾಟರಿ ವಿಚಾರಿಸಿದರೆ ಈಗ ಈ ಮಾತು ಕೇಳಿಸುತ್ತದೆ: "ಲಿಥಿಯಂ ಅಯಾನ್ ಹಳೇದು ಸಾರ್, ಪಾಲಿಮರ್ ಹಾಕಿಸ್ಕೊಳ್ಳಿ, ಉಬ್ಬಲ್ಲ." ಇಷ್ಟು ಚಿಕ್ಕ ಮಾತಿನಲ್ಲಿ ಎರಡು ತಪ್ಪು. ಅಂಗಡಿಯವರು ಹೇಳಿದರೆ ವ್ಯಾಪಾರ ಅಂದುಕೊಳ್ಳಬಹುದು. ಫೋನ್ ರಿವ್ಯೂ ಮಾಡುವವರೂ ಇದನ್ನೇ ಹೇಳುತ್ತಿದ್ದರೆ ಸುಮ್ಮನಿರೋದು ಕಷ್ಟ.

ಲಿಥಿಯಂ ಪಾಲಿಮರ್ ಅನ್ನೋದು ಲಿಥಿಯಂ ಅಯಾನ್ ಬ್ಯಾಟರಿಯ ಒಂದು ಬಗೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುತ್ ಚಾರ್ಜ್ ಹೊತ್ತ ಲಿಥಿಯಂ ಕಣಗಳು, ಬ್ಯಾಟರಿಯ ಒಂದು ಬದಿಯ ಕೋಬಾಲ್ಟ್ ಆಕ್ಸೈಡ್ ಕಡೆಯಿಂದ ಇನ್ನೊಂದು ಬದಿಯ ಗ್ರಾಫೈಟ್ ಕಡೆಗೆ ಹೋಗುತ್ತವೆ, ಫೋನ್ ಬಳಸುವಾಗ ವಾಪಸ್ ಬರುತ್ತವೆ. 1991ರಲ್ಲಿ ಸೋನಿ ಮೊದಲ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಾಗಲೂ ಅಯಾನುಗಳ ಈ ಓಡಾಟವೇ ಮೂಲ. ಪಾಲಿಮರಿನಲ್ಲೂ ಅದೇ.

ಹಾಗಾದರೆ ಆ ಹೆಸರು ಎಲ್ಲಿಂದ ಬಂತು? ಅಯಾನುಗಳು ಓಡಾಡೋಕೆ ನಡುವೆ ಎಲೆಕ್ಟ್ರೊಲೈಟ್ ಬೇಕು. ಮಾಮೂಲಿ ಬ್ಯಾಟರಿಯಲ್ಲಿ ಅದು ಬೇಗ ಹೊತ್ತಿಕೊಳ್ಳುವ ದ್ರವ. ಅದನ್ನು ತೆಗೆದು ಗಟ್ಟಿ ಪಾಲಿಮರ್ ಹಾಕಿದರೆ ಸೋರಲ್ಲ, ಬೆಂಕಿಯ ಭಯವೂ ಕಡಿಮೆ ಅನ್ನೋದು ಮೊದಲಿನ ಆಸೆ. ಆಸೆ ಪೂರ್ತಿ ಕೈಗೂಡಲಿಲ್ಲ. ಮಾಮೂಲಿ ಹವೆಯಲ್ಲಿ ಗಟ್ಟಿ ಪಾಲಿಮರ್ ಒಳಗೆ ಅಯಾನುಗಳು ತೀರಾ ನಿಧಾನ. 60 ಡಿಗ್ರಿ ದಾಟಿದರೆ ಚೆನ್ನಾಗಿ ಓಡುತ್ತವೆ, ಆದರೆ ಅಷ್ಟು ಬಿಸಿ ಫೋನನ್ನು ಯಾರು ಜೇಬಲ್ಲಿ ಇಟ್ಟುಕೊಳ್ಳುತ್ತಾರೆ? ಕೊನೆಗೆ ಪಾಲಿಮರಿಗೆ ಅದೇ ದ್ರವ ಕುಡಿಸಿ ಜೆಲ್ ಮಾಡಿದರು. ಎಷ್ಟೋ ಬ್ಯಾಟರಿಗಳಲ್ಲಿ ಅಷ್ಟೂ ಇಲ್ಲ. ಲೋಹದ ಡಬ್ಬಿಯ ಬದಲು ಅಲ್ಯೂಮಿನಿಯಂ ಪದರದ ತೆಳು ಪೌಚ್ ಇದ್ದರೆ ಸಾಕು, ಪಾಲಿಮರ್ ಅಂತ ಹೆಸರು. ಹಾಲು ಕ್ಯಾನಿನಲ್ಲಿ ಬಂದರೂ ಪ್ಯಾಕೆಟ್ಟಿನಲ್ಲಿ ಬಂದರೂ ಹಾಲೇ ಅಲ್ವಾ?

ಪೌಚಿನಿಂದ ಲಾಭ ಇದೆ. ತೂಕ ಕಡಿಮೆ, ಬೇಕಾದ ಆಕಾರಕ್ಕೆ ಮಾಡಬಹುದು, ಫೋನ್ ತೆಳ್ಳಗಾಗುತ್ತದೆ. ಆದರೆ "ಉಬ್ಬಲ್ಲ" ಅನ್ನೋದು ಪೂರಾ ತಿರುಗುಮುರುಗು. ಬಿಸಿಯಿಂದ, ಓವರ್‌ಚಾರ್ಜಿನಿಂದ, ವಯಸ್ಸಾಗಿ ಎಲೆಕ್ಟ್ರೊಲೈಟ್ ಕೆಟ್ಟಾಗ ಒಳಗೆ ಗ್ಯಾಸ್ ಸೇರುತ್ತದೆ. ಲೋಹದ ಡಬ್ಬಿ ಅದನ್ನು ಸ್ವಲ್ಪ ಹಿಡಿದಿಡುತ್ತದೆ. ಪೌಚಿಗೆ ಆ ಶಕ್ತಿ ಇಲ್ಲ, ಹೊಟ್ಟೆ ಬಂದೇ ಬರುತ್ತದೆ. ಫೋನಿನ ಬ್ಯಾಕ್ ಕವರ್ ಮೇಲೆದ್ದಿದ್ದರೆ ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ. ಸೂಜಿ ಚುಚ್ಚಿ ಗಾಳಿ ತೆಗೆಯುವ ಸಾಹಸವಂತೂ ಬೇಡವೇ ಬೇಡ. ಬಿಚ್ಚಿಸಿದ ಬ್ಯಾಟರಿಯನ್ನು ಬೆಳಗಿನ ಕಸದ ಆಟೋಗೆ ಹಾಕೋದೂ ತಪ್ಪು. ಮುಂದೆ ಕಾಂಪ್ಯಾಕ್ಟರ್ ಲಾರಿಯಲ್ಲಿ ಅದು ಜಜ್ಜಿಹೋದರೆ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಫೋನುಗಳಲ್ಲಿ ನಿಕ್ಕಲ್ ಬ್ಯಾಟರಿಗಳದ್ದು ಮುಗಿದ ಕಥೆ. ಮೊದಲು ನಿಕ್ಕಲ್ ಕ್ಯಾಡ್ಮಿಯಂ, ಆಮೇಲೆ ನಿಕ್ಕಲ್ ಮೆಟಲ್ ಹೈಡ್ರೈಡ್. 2000ದಲ್ಲಿ ಬಂದ ನೋಕಿಯಾ 3310ರ ಜೊತೆ ಎರಡನೆಯದು ಬರುತ್ತಿತ್ತು. ಬ್ಯಾಟರಿ ಹೋದರೂ ಅದರ ಕಾಲದ ಬುದ್ಧಿಮಾತು ಮಾತ್ರ ಹೋಗಿಲ್ಲ: ಹೊಸ ಫೋನನ್ನು ಎಂಟು ಗಂಟೆ ಚಾರ್ಜಿಗೆ ಹಾಕು, ಪೂರ್ತಿ ಖಾಲಿಯಾಗದೆ ಮತ್ತೆ ಹಾಕಬೇಡ. ಲಿಥಿಯಂ ಬ್ಯಾಟರಿಗೆ ಎರಡೂ ಬೇಕಿಲ್ಲ. ದಿನಾ ಸೊನ್ನೆಗೆ ಇಳಿಸಿದರೆ ಬೇಗ ಸವೆಯುತ್ತದೆ ಅಷ್ಟೆ. ಎಫ್‌ಎಂ ಸ್ಪೀಕರುಗಳಲ್ಲಿ ಇವತ್ತಿಗೂ ಸಿಗುವ ಬಿಎಲ್-5ಸಿ ಬ್ಯಾಟರಿ ಕೂಡ ಲಿಥಿಯಂ ಅಯಾನೇ, ಗಟ್ಟಿ ಡಬ್ಬಿಯದು.

ಈಗಿನ ಹೊಸ ಗಲಾಟೆ ಸಿಲಿಕಾನ್ ಕಾರ್ಬನ್ ಬ್ಯಾಟರಿಯದ್ದು. "ಲಿಥಿಯಂ ಕಾಲ ಮುಗೀತು" ಅಂತ ಆಗಲೇ ಶುರುವಾಗಿದೆ. ಇಲ್ಲಿ ಬದಲಾಗಿದ್ದು ಗ್ರಾಫೈಟ್ ಇದ್ದ ಕಡೆ ಮಾತ್ರ. ಒಂದು ಗ್ರಾಂ ಗ್ರಾಫೈಟ್ ಲೆಕ್ಕದ ಪ್ರಕಾರ 372 ಮಿಲಿಆಂಪಿಯರ್ ಅವರ್‌ಗೆ ಸಾಕಾಗುವಷ್ಟು ಲಿಥಿಯಂ ಹಿಡಿದಿಡುತ್ತದೆ. ಸಿಲಿಕಾನ್ ಅದರ ಸುಮಾರು ಹತ್ತು ಪಟ್ಟು. ಆದರೆ ಲಿಥಿಯಂ ತುಂಬಿಕೊಂಡಾಗ ಸಿಲಿಕಾನ್ ವಿಪರೀತ ಹಿಗ್ಗಿ ಒಡೆಯುತ್ತದೆ. ಅದಕ್ಕೇ ಕಾರ್ಬನ್ ಜೊತೆ ಬೆರೆಸಿ, ಸ್ವಲ್ಪವೇ ಹಾಕುತ್ತಾರೆ. ಅದೇ ಗಾತ್ರದಲ್ಲಿ ಜಾಸ್ತಿ ಚಾರ್ಜ್ ಸಿಗುತ್ತದೆ. ಓಡಾಡುವುದು ಲಿಥಿಯಂ ಅಯಾನೇ.

ಬ್ಯಾಟರಿ ಬದಲಾಯಿಸುವಾಗ ನೋಡಬೇಕಾದ್ದು ಪಾಲಿಮರ್ ಅನ್ನೋ ಹೆಸರನ್ನಲ್ಲ, ಲೇಬಲ್ ಮೇಲಿನ "ಲಿಮಿಟೆಡ್ ಚಾರ್ಜ್ ವೋಲ್ಟೇಜ್" ಸಾಲನ್ನು, ಅಂದರೆ ಎಷ್ಟು ವೋಲ್ಟಿನವರೆಗೆ ಚಾರ್ಜ್ ಮಾಡಬಹುದು ಅನ್ನೋ ಮಿತಿಯನ್ನು. ಹಳೆಯ ಸೆಲ್‌ಗಳದ್ದು 4.2 ವೋಲ್ಟ್, ಈಗಿನ ಎಷ್ಟೋ ಫೋನುಗಳದ್ದು 4.4ರ ಆಸುಪಾಸು. 4.4ಕ್ಕೆ ಚಾರ್ಜ್ ಮಾಡುವ ಫೋನಿಗೆ 4.2ರ ಕಾಪಿ ಬ್ಯಾಟರಿ ಕೂರಿಸಿದರೆ ಪ್ರತಿ ಸಲವೂ ಓವರ್‌ಚಾರ್ಜ್ ಆಗುವ ಅಪಾಯ. ಹಳೆಯ ಬ್ಯಾಟರಿ ಕೈಗೆ ಬಂದಾಗ ಆ ಸಾಲಿನ ಫೋಟೊ ತೆಗೆದಿಟ್ಟುಕೊಂಡು, ಹೊಸದನ್ನು ಅದರ ಪಕ್ಕ ಇಟ್ಟು ಓದಿ. ಎರಡೂ ಒಂದೇ ಇಲ್ಲದಿದ್ದರೆ ಕಾಸು ಕೊಡಬೇಡಿ.